ಬೆಂಕಿಯನ್ನು ನಿಧಾನಿಸುವ ವಿದ್ಯೆ

ಊದಿನಕಡ್ಡಿಯ ತುದಿಗೆ ಬೆಂಕಿ ಮುಟ್ಟಿಸಿ, ಜ್ವಾಲೆಯನ್ನು ಕೈಬೀಸಿ ಆರಿಸಿದ ಮೇಲೆ ಪುಟ್ಟದೊಂದು ಕೆಂಡ ಉಳಿಯುತ್ತದೆ. ಆ ಕೆಂಡದೊಳಗೆ ಸಿಕ್ಕಿದ ಬೇರು, ತೊಗಟೆ, ಎಲೆ ಎಲ್ಲವೂ ಬೂದಿಯಾಗುತ್ತವೆ. ಪರಿಮಳ ಹೊರಡುವುದು ಕೆಂಡದ ಹಿಂದಿನ ಕಿರಿದಾದ ಪಟ್ಟಿಯಿಂದ. ಅಲ್ಲಿಗೆ ಶಾಖ ತಲುಪಿರುತ್ತದೆ, ಬೆಂಕಿ ಇನ್ನೂ ತಲುಪಿರುವುದಿಲ್ಲ. ಗಿಡದ ಎಣ್ಣೆಯಂಶ ಸುಡುವ ಮೊದಲೇ ಆವಿಯಾಗಿ ಗಾಳಿ ಸೇರುತ್ತದೆ. ಕೆಂಡ ಅವಸರದಲ್ಲಿ ಓಡಿದರೆ ಆ ಎಣ್ಣೆಯೂ ಸುಟ್ಟು ಕಮಟುತ್ತದೆ. ತೀರಾ ನಿಧಾನಿಸಿದರೆ ಕಡ್ಡಿ ನಡುವೆಯೇ ಆರಿಹೋಗುತ್ತದೆ. ಗಿಡಮೂಲಿಕೆಗಳಿಂದಲೇ, ಕೈಯಾರೆ, ಊದಿನಕಡ್ಡಿ ಮತ್ತು ಧೂಪ ಮಾಡುವವರ ವಿದ್ಯೆಯೆಲ್ಲ ಈ ಎರಡರ ನಡುವಿನ ಹದ ಹಿಡಿಯುವುದರಲ್ಲಿದೆ.

ಈ ವಿದ್ಯೆಗೆ ಬೇಕಾದ ಗಿಡಗಳನ್ನು ಅರಿಯಲು ದಾವಣಗೆರೆ ಮತ್ತು ಹರಿಹರ ಒಳ್ಳೆಯ ನೆಲೆ. ಇಲ್ಲಿಂದ ಪಶ್ಚಿಮಕ್ಕೆ ಶಿವಮೊಗ್ಗ ದಾಟಿದರೆ ಮಳೆಕಾಡು, ಅಲ್ಲಿ ಧೂಪದ ಮರಗಳು. ಪೂರ್ವಕ್ಕೆ ಜಗಳೂರು, ಚಿತ್ರದುರ್ಗದ ಕಡೆ ಹೋದರೆ ಬಯಲುಸೀಮೆಯ ಒಣಗುಡ್ಡಗಳು, ಅಲ್ಲಿನ ಅಂಟು ಬೇರೆ, ಗಂಧ ಬೇರೆ. ನಡುವೆ ತುಂಗಭದ್ರೆಯ ದಂಡೆ ಮತ್ತು ಭದ್ರಾ ನಾಲೆಯ ಗದ್ದೆ. ಕೊಳ್ಳುವವರಿಗೂ ಇಲ್ಲಿ ಕೊರತೆಯಿಲ್ಲ. 1224ರ ಸುಮಾರಿನಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ದೇವರು ಅರ್ಧ ಹರಿ, ಅರ್ಧ ಹರ. ತುಳಸಿಯೂ ಬಿಲ್ವವೂ ಒಂದೇ ಮೂರ್ತಿಗೆ ಸಲ್ಲುತ್ತವೆ. ವೀರಭದ್ರನ ಒಕ್ಕಲಿನ ಮನೆಗಳಲ್ಲಿ ಮದುವೆಯಂಥ ಕಾರ್ಯಕ್ಕೆ ಗುಗ್ಗಳ ತೆಗೆಯುವ ಪದ್ಧತಿಯಿದೆ: ಮಡಕೆಯಲ್ಲಿ ಗುಗ್ಗುಳದ ಅಂಟನ್ನು ಉರಿಸಿ ಹೊತ್ತು, ಪುರವಂತರ ಒಡಪು ಮತ್ತು ಸಮಾಳದ ದನಿಯೊಂದಿಗೆ ಮೆರವಣಿಗೆ ಹೊರಡುತ್ತದೆ. ದರ್ಗಾಗಳಲ್ಲಿ ಕೆಂಡದ ಮೇಲೆ ಲೋಬಾನ ಹಾಕುತ್ತಾರೆ. ಸಂಜೆ ದೀಪ ಹಚ್ಚಿದ ಹೊತ್ತಿಗೆ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೂ ಒಂದು ಕಡ್ಡಿ ಹೊಗೆಯಾಡುತ್ತಿರುತ್ತದೆ.

ಕನ್ನಡ ನಾಡಿನಲ್ಲಿ ಈ ತಿಳಿವಳಿಕೆ ಹಳೆಯದು. 1025ರ ಸುಮಾರಿಗೆ ಕಲ್ಯಾಣ ಚಾಲುಕ್ಯರ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆ, ವೃಕ್ಷಾಯುರ್ವೇದ, ನೆಲದಡಿಯ ನೀರು ಹುಡುಕುವ ಬಗೆಗಳ ಜೊತೆಗೆ ಸುಗಂಧದ್ರವ್ಯಗಳ ತಯಾರಿಗೂ ಒಂದು ಅಧ್ಯಾಯ ಮೀಸಲಾಗಿದೆ. ನೂರು ವರ್ಷದ ಬಳಿಕ ಅದೇ ವಂಶದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅರಸನ ಭೋಗಗಳಲ್ಲಿ ಧೂಪವನ್ನೂ ಎಣಿಸಿ ವಿವರಿಸುತ್ತದೆ. ಅವಕ್ಕೂ ಹಿಂದೆ, 6ನೆಯ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯ ಗಂಧಯುಕ್ತಿ ಅಧ್ಯಾಯದಲ್ಲಿ ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿದರೆ 1,820 ಬಗೆಯ ಕೂಟಗಳಾಗುತ್ತವೆಂದು ಲೆಕ್ಕ ಕೊಟ್ಟಿದ್ದಾನೆ. ಕೂಟಗಳು ಎಷ್ಟೇ ಇರಲಿ, ಒಂದೊಂದು ದ್ರವ್ಯಕ್ಕೂ ಒಂದೊಂದು ಕೆಲಸವಿದೆ. ಆ ಕೆಲಸ ತಿಳಿದರೆ ಕಸುಬು ಅರ್ಧ ತಿಳಿದಂತೆ.

ಮೊದಲಿಗೆ ಬೇರು ಮತ್ತು ಗಡ್ಡೆಗಳು. ಇವುಗಳ ಎಣ್ಣೆ ಭಾರವಾದದ್ದು, ಬೇಗ ಹಾರಿಹೋಗದು. ಲಾವಂಚದ ಹುಲ್ಲಿನ ಬೇರು ಅಕ್ಕಪಕ್ಕ ಹರಡದೆ ನೇರ ಕೆಳಗಿಳಿಯುತ್ತದೆ. ಒಳ್ಳೆಯ ಮಣ್ಣಿನಲ್ಲಿ ಆಳಿನುದ್ದವನ್ನೂ ಮೀರುತ್ತದೆ. ನೆಟ್ಟ ಒಂದೂವರೆ ವರ್ಷದ ಹೊತ್ತಿಗೆ ಅದನ್ನು ತುಂಡಾಗದಂತೆ ಅಗೆದು, ಮಣ್ಣು ತೊಳೆದು, ನೆರಳಿನಲ್ಲಿ ಒಣಗಿಸುತ್ತಾರೆ. ಇದು ನಾರು, ಒರಳಿಗೆ ನೇರವಾಗಿ ಹಾಕಿದರೆ ಸುತ್ತಿಕೊಳ್ಳುತ್ತದೆಯೇ ಹೊರತು ಪುಡಿಯಾಗದು. ಅದಕ್ಕೆ ಮೊದಲು ಕಾಲು ಅಂಗುಲದ ಚೂರುಗಳಾಗಿ ಕತ್ತರಿಸಿ, ಬಿಸಿಲಲ್ಲಿ ಸ್ವಲ್ಪ ಹೊತ್ತು ಗರಿಗರಿ ಮಾಡಿ, ಆಮೇಲೆ ಕುಟ್ಟಬೇಕು.

ಕೊನ್ನಾರಿ ಗಡ್ಡೆಗೆ ಭದ್ರಮುಷ್ಟಿ ಎಂಬ ಹೆಸರೂ ಇದೆ. ಹೊಲ ಮತ್ತು ಗದ್ದೆಬದುಗಳಲ್ಲಿ ಎಷ್ಟು ಕಿತ್ತರೂ ಮತ್ತೆ ಚಿಗುರುವ ಈ ಕಳೆ ರೈತನಿಗೆ ತಲೆನೋವು. ಆದರೆ ಅದರ ಕಪ್ಪು ಗಡ್ಡೆಯನ್ನು ಒಡೆದು ಮೂಸಿದರೆ ಮಳೆ ಬಿದ್ದ ಮಣ್ಣು ಮತ್ತು ಕರ್ಪೂರ ಬೆರೆತಂಥ ವಾಸನೆ ಬರುತ್ತದೆ. ಅಗೆದ ಗಡ್ಡೆಗಳನ್ನು ಒಣಗಿಸಿ, ಗೋಣಿಚೀಲದಲ್ಲಿ ಹಾಕಿ ಉಜ್ಜಿ ಬೇರಿನ ಕೂದಲು ಉದುರಿಸಿದರೆ ಸಾಕು, ಧೂಪದ ಮೂಲಸಾಮಗ್ರಿ ಸಿದ್ಧ. ಕಚೋರದ ಗಡ್ಡೆಯನ್ನು ಹಸಿಯಲ್ಲೇ ತೆಳುವಾದ ಬಿಲ್ಲೆಗಳಾಗಿ ಹೆಚ್ಚಬೇಕು. ಇಡಿಯಾಗಿ ಒಣಗಿಸಿದರೆ ಹೊರಗೆ ಗಟ್ಟಿಯಾಗಿ ಒಳಗೆ ಬೂಸಲು ಹಿಡಿಯುತ್ತದೆ. ಜಟಾಮಾಂಸಿ ಮಾತ್ರ ದೂರದ್ದು. ಹಿಮಾಲಯದ ಎತ್ತರದ ಇಳಿಜಾರುಗಳಲ್ಲಿ ಬೆಳೆಯುವ ಈ ಗಿಡದ ರೋಮಭರಿತ ಬೇರು ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ಕಾಡಿನಲ್ಲಿ ಅದು ವಿರಳವಾಗುತ್ತಿರುವುದರಿಂದ ಬಲ್ಲವರು ಚಿಟಿಕೆಯಲ್ಲಿ ಬಳಸುತ್ತಾರೆ. ಅದರ ಘಾಟಿಗೆ ಚಿಟಿಕೆಯೇ ಸಾಕು.

ಎರಡನೆಯ ಗುಂಪು ಎಲೆ ಮತ್ತು ಹೂ. ಇವುಗಳ ಎಣ್ಣೆ ಹಗುರ. ಕಡ್ಡಿ ಹೊತ್ತಿದ ಕೂಡಲೇ ಮೂಗಿಗೆ ತಲುಪುವುದು ಇವೇ, ಮೊದಲು ಕಳೆದುಹೋಗುವುದೂ ಇವೇ. ದವನ ಹಿಂಗಾರಿನ ಚಳಿಯಲ್ಲಿ ಬೆಳೆಯುವ, ನಾಲ್ಕು ತಿಂಗಳೊಳಗೆ ಕೊಯ್ಲಿಗೆ ಬರುವ, ಬೂದುಹಸಿರು ಬಣ್ಣದ ಸಣ್ಣ ಗಿಡ. ವ್ಯಾಪಾರಕ್ಕಾಗಿ ಇದನ್ನು ಬೆಳೆಯುವುದು ಬಹುಮಟ್ಟಿಗೆ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ. ಮೊಗ್ಗು ಬಿರಿಯಲು ತೊಡಗಿದಾಗ ಗಿಡದಲ್ಲಿ ಎಣ್ಣೆ ಹೆಚ್ಚು. ಅದೇ ಕೊಯ್ಲಿನ ಸಮಯ. ಆ ವೇಳೆಗೆ ಮಳೆ ಬಿದ್ದರೆ ಗಂಧ ಕುಂದುತ್ತದೆ. ಕೊಯ್ದ ಗಿಡವನ್ನು ನೆರಳಿನಲ್ಲಿ ತೆಳುವಾಗಿ ಹರಡಿ ಬಾಡಿಸಿದರೆ ಹಸಿವಾಸನೆ ಹೋಗಿ, ಹಣ್ಣಿನಂಥ ಸಿಹಿಗಂಧ ಎದ್ದು ಬರುತ್ತದೆ. ಪಚ್ಚೆತೆನೆಯ ಗುಣವೂ ಹೀಗೆಯೇ: ಹಸಿ ಎಲೆಯಲ್ಲಿ ಅಷ್ಟೇನೂ ತಿಳಿಯದ ಗಂಧ ಒಣಗಿದ ಮೇಲೆ ಗಾಢವಾಗುತ್ತದೆ. ಮರುಗ, ಕಾಮಕಸ್ತೂರಿ, ತುಳಸಿಗಳ ಸ್ವಭಾವ ಇದಕ್ಕೆ ವಿರುದ್ಧ. ಬಿಸಿಲು ಕಂಡರೆ ಒಂದೇ ದಿನದಲ್ಲಿ ಬರಿಯ ಹುಲ್ಲಾಗುತ್ತವೆ. ಆದ್ದರಿಂದ ಅವನ್ನು ಗಾಳಿಯಾಡುವ ಕೋಣೆಯಲ್ಲಿ ತಲೆಕೆಳಗಾಗಿ ಕಟ್ಟಿ ಒಣಗಿಸಿ, ಕಡ್ಡಿ ಹೊಸೆಯುವ ಹಿಂದಿನ ದಿನವಷ್ಟೇ ಪುಡಿ ಮಾಡುತ್ತಾರೆ. ಪೂಜೆಯ ಹೂಗಳೂ ಕೆಲವೊಮ್ಮೆ ಇಲ್ಲಿಗೆ ಬಂದು ಸೇರುತ್ತವೆ. ಸೇವಂತಿಗೆ, ಚೆಂಡುಹೂವಿನ ಎಸಳು ಸುಟ್ಟಾಗ ಹೂವಿನ ವಾಸನೆ ಕೊಡುವುದಿಲ್ಲ. ಆದರೂ ಒಣಪುಡಿ ಹದವಾಗಿ ಉರಿಯುವುದರಿಂದ ಮೈತುಂಬಲು ನೆರವಾಗುತ್ತದೆ.

ಮೂರನೆಯದು ಅಂಟುಗಳು, ಎಂದರೆ ಮರದ ಗಾಯದಿಂದ ಒಸರಿ ಗಟ್ಟಿಯಾದ ರಾಳ. ಹಗುರ ಎಣ್ಣೆಗಳನ್ನು ಹಿಡಿದಿಟ್ಟು ಮೆಲ್ಲಮೆಲ್ಲನೆ ಬಿಡುವ ಕೆಲಸ ಇವುಗಳದ್ದು. ಪಶ್ಚಿಮ ಘಟ್ಟದ ಎತ್ತರದ ಮರಗಳಿಂದ ಬರುವ ಕಪ್ಪನೆಯ ರಾಳಧೂಪ ನಿಂಬೆ ಮತ್ತು ದೇವದಾರು ನೆನಪಿಸುವ ವಾಸನೆಯದು. ಸಾಲುಧೂಪದ ರಾಳ ಬಿಳಿಹಳದಿ, ಸೌಮ್ಯ. ಮಧ್ಯ ಕರ್ನಾಟಕದ ಒಣಗುಡ್ಡಗಳಲ್ಲಿ ಬೆಳೆಯುವ, ಕಾಗದದಂತೆ ಸಿಪ್ಪೆ ಸುಲಿಯುವ ಮಡ್ಡಿಮರ ಹೊನ್ನಿನ ಬಣ್ಣದ ಪರಿಮಳದ ಅಂಟು ಕೊಡುತ್ತದೆ; ಹೊರದೇಶಗಳಲ್ಲಿ ಹೆಸರಾದ ಅರಬ್ಬೀ ಧೂಪದ ಮರಕ್ಕೆ ಇದು ಹತ್ತಿರದ ನಂಟು. ಗುಗ್ಗುಳ ರಾಜಸ್ಥಾನ, ಗುಜರಾತಿನ ಮರುಭೂಮಿಯಿಂದಲೂ, ಲೋಬಾನ ಅಥವಾ ಸಾಂಬ್ರಾಣಿ ಸುಮಾತ್ರಾದ ಕಡೆಯಿಂದಲೂ ಬರುತ್ತವೆ. ಇವೆಲ್ಲಕ್ಕಿಂತ ಬೇರೆಯದು ಹಾಲುಮಡ್ಡಿ. ಹೆಮ್ಮರದ ತೊಗಟೆಗೆ ಕಚ್ಚು ಹಾಕಿದಾಗ ಇಳಿಯುವ ಈ ರಾಳ ಗಟ್ಟಿಯಾಗದೆ ಜೇನಿನಷ್ಟು ಮಂದವಾಗಿ ಉಳಿದು, ಗಾಳಿಯ ತೇವವನ್ನು ಹೀರುತ್ತ ಕಡ್ಡಿಯನ್ನು ತಿಂಗಳುಗಟ್ಟಲೆ ಮೆತ್ತಗಿಡುತ್ತದೆ. ಹಾಲುಮಡ್ಡಿ ಬೆರೆಸಿದ ‘ಮಸಾಲೆ ಬತ್ತಿ’ಯನ್ನು ಬೆರಳಿನಿಂದ ಒತ್ತಿದರೆ ತುಸು ತಗ್ಗುತ್ತದೆ. ಅದು ಅದರ ಗುರುತು.

ಕೊನೆಗೆ ಮರ. ಇಡೀ ಕೂಟಕ್ಕೆ ತಳಹದಿಯಾಗುವುದು ಶ್ರೀಗಂಧದ ಪುಡಿ. ಶ್ರೀಗಂಧದ ಮರ ತನ್ನ ಬೇರನ್ನು ಅಕ್ಕಪಕ್ಕದ ಗಿಡಗಳ ಬೇರಿಗೆ ಕಚ್ಚಿಸಿ ಆಹಾರದ ಒಂದಂಶ ಪಡೆಯುತ್ತದೆ. ಹೊರಗಿನ ಬಿಳಿಮರಕ್ಕೆ ವಾಸನೆಯಿಲ್ಲ. ಒಳಗಿನ ಕೆಂಚು ತಿರುಳಿಗೆ, ಅದಕ್ಕಿಂತ ಹೆಚ್ಚಾಗಿ ಬೇರಿಗೆ ಗಂಧ. ತಿರುಳು ಬಲಿಯಲು ವರ್ಷಗಳು ಬೇಕು. ಆದ್ದರಿಂದ ಸಣ್ಣ ಕಸುಬಿನವರ ಕೈಗೆ ಸಿಗುವುದು ಸಾಮಾನ್ಯವಾಗಿ ಕೆತ್ತನೆಯಲ್ಲಿ ಉದುರಿದ ಹೊಟ್ಟು ಅಥವಾ ಎಣ್ಣೆ ತೆಗೆದ ಮೇಲೆ ಉಳಿದ ಪುಡಿ. ಅದರಲ್ಲಿಯೂ ಗಂಧ ಪೂರ್ತಿ ಹೋಗಿರುವುದಿಲ್ಲ.

ದ್ರವ್ಯ ಒದಗಿಸಿಕೊಂಡ ಮೇಲೆ ಕುಟ್ಟುವ ಕೆಲಸ. ಬೇರು, ಗಡ್ಡೆ, ತೊಗಟೆಗಳನ್ನು ಒನಕೆಯಿಂದ ಒಡೆದು, ಒರಳಿನಲ್ಲಿ ನುಣ್ಣಗೆ ಮಾಡಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿಯುತ್ತಾರೆ. ವಸ್ತ್ರಗಾಳಿತ ಎನ್ನುವುದು ಇದಕ್ಕೇ. ಪುಡಿ ತರಿಯಾಗಿದ್ದರೆ ಕೆಂಡ ದೊಡ್ಡ ಚೂರು ಎದುರಾದಲ್ಲಿ ಎಡವುತ್ತದೆ, ಕಡ್ಡಿಯ ಮೈ ಬಿರುಕು ಬಿಡುತ್ತದೆ. ಯಂತ್ರದಲ್ಲಿ ಬೀಸಿದರೆ ಬೇಗ ಮುಗಿಯುತ್ತದಾದರೂ ಬಿಸಿಯೇರಿ ಹಗುರ ಎಣ್ಣೆ ಅಲ್ಲಿಯೇ ಹಾರುತ್ತದೆ. ಎಲೆಗಳನ್ನಾದರೂ ಕೈಯಲ್ಲಿ ಕುಟ್ಟುವುದು ಇದಕ್ಕಾಗಿ. ಅಂಟುಗಳ ಸಮಯವೇ ಬೇರೆ. ದಾವಣಗೆರೆಯ ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ರಾಳ ಕುಟ್ಟಿದರೆ ಒರಳಿಗೇ ಮೆತ್ತಿಕೊಳ್ಳುತ್ತದೆ. ಬೆಳಗಿನ ತಂಪಿನಲ್ಲಿ, ಒಂದು ಹಿಡಿ ಮರದ ಪುಡಿ ಸೇರಿಸಿ, ಜಜ್ಜದೆ ಮೆಲ್ಲಗೆ ತಟ್ಟಿದರೆ ಉದುರುದುರಾಗಿ ಪುಡಿಯಾಗುತ್ತದೆ.

ಈಗ ಇವನ್ನೆಲ್ಲ ಕಡ್ಡಿಗೆ ಹಿಡಿಸುವ ಜಿಗಟು. ಗುಳಿಮಾವು ಮತ್ತು ಅದರ ಬಳಗದ ಮರಗಳ ತೊಗಟೆಯಿಂದ ಮಾಡುವ ಕಂದುಬಣ್ಣದ ಈ ಪುಡಿ ನೀರು ತಗುಲಿದೊಡನೆ ಲೋಳೆಯಾಗಿ ಎಲ್ಲವನ್ನೂ ಕಟ್ಟಿಹಾಕುತ್ತದೆ. ವಾಸನೆ ಕಡಿಮೆ, ಒಣಗಿದರೆ ಗಟ್ಟಿ, ಉರಿಯಲು ಅಡ್ಡಿಯಿಲ್ಲ. ಒಂದೇ ತೊಗಟೆಯಲ್ಲಿ ಈ ಮೂರೂ ಗುಣ ಕೂಡಿರುವುದು ಅಪರೂಪ. ಅಳತೆ ಮಾತ್ರ ಸೂಕ್ಷ್ಮ. ಜಿಗಟು ಕಡಿಮೆಯಾದರೆ ಒಣಗಿದ ಬತ್ತಿ ಉದುರುತ್ತದೆ, ಹೆಚ್ಚಾದರೆ ಸುಟ್ಟ ತೊಗಟೆಯ ವಾಸನೆ ಉಳಿದ ಗಂಧಗಳನ್ನು ನುಂಗುತ್ತದೆ. ಪೇಟೆಯ ಸಾಮಾನ್ಯ ಕಡ್ಡಿಯ ಕಪ್ಪು ಬಣ್ಣ ಇದ್ದಿಲಿನದು. ಇದ್ದಿಲು ಪುಡಿ ಮತ್ತು ಜಿಗಟಿನಿಂದ ವಾಸನೆಯಿಲ್ಲದ ಬತ್ತಿ ಹೊಸೆದು, ಆಮೇಲೆ ಸುಗಂಧದ ದ್ರಾವಣದಲ್ಲಿ ಅದ್ದಿ ತೆಗೆಯುವುದು ಅದರ ಕ್ರಮ. ಗಿಡಮೂಲಿಕೆಯ ಕಡ್ಡಿಯಲ್ಲಿ ಅದ್ದುವ ಹಂತವೇ ಇಲ್ಲ; ಮೈಯೆಲ್ಲ ಗಂಧವೇ. ಇದ್ದಿಲಿನ ಆಸರೆ ಬಿಟ್ಟರೆ ಕೆಂಡವನ್ನು ಜೀವಂತವಾಗಿಡುವ ಹೊಣೆ ಮರದ ಪುಡಿಗೆ, ಕೆಲವರಲ್ಲಿ ಬೆರಣಿಯ ಪುಡಿಗೆ ಬೀಳುತ್ತದೆ. ಇದು ಕಷ್ಟದ ದಾರಿ.

ಬೆರೆಸುವಾಗ ಒಣಪುಡಿಗಳನ್ನು ಮೊದಲು ಮೊರದಲ್ಲಿ ಕೈಯಾಡಿಸಿ ಒಂದು ಮಾಡುತ್ತಾರೆ. ಮರದ ಪುಡಿ ಹೆಚ್ಚು ಪಾಲು, ಬೇರು ಅದಕ್ಕಿಂತ ಕಡಿಮೆ, ಅಂಟು ಇನ್ನೂ ಕಡಿಮೆ, ಎಲೆ ಕೊನೆಗೆ. ಅಂಟು ಮೇರೆ ಮೀರಿದರೆ ಕರಗಿ ಕೆಂಡವನ್ನೇ ಮುಚ್ಚಿ ನಂದಿಸುತ್ತದೆ. ಜೇನು ಅಥವಾ ಹಾಲುಮಡ್ಡಿ ಸೇರಿಸುವುದಿದ್ದರೆ ಈಗ. ಆಮೇಲೆ ನೀರು, ಒಮ್ಮೆಗೆ ಒಂದು ಚಿಮುಕು. ಕಲಸಿದ ಮುದ್ದೆ ಹೋಳಿಗೆಯ ಕಣಕಕ್ಕಿಂತ ಗಟ್ಟಿ, ಜೋಳದ ರೊಟ್ಟಿಯ ಹಿಟ್ಟಿಗಿಂತ ಮೆದುವಾಗಿರಬೇಕು. ಒದ್ದೆ ಬಟ್ಟೆ ಮುಚ್ಚಿ ಒಂದೆರಡು ಗಂಟೆ ಬಿಟ್ಟರೆ ಜಿಗಟು ಪೂರ್ತಿ ನೀರು ಕುಡಿದು ಎಳೆ ಬಿಡುತ್ತದೆ. ಮಳೆಗಾಲದ ತೇವಕ್ಕೂ ಚಳಿಗಾಲದ ಒಣಗಾಳಿಗೂ ನೀರಿನ ಅಳತೆ ಬದಲಾಗುವುದರಿಂದ ಇದನ್ನು ಯಾರೂ ಅಳತೆಪಾತ್ರೆಯಲ್ಲಿ ಹೇಳಿಕೊಡುವುದಿಲ್ಲ. ಮುದ್ದೆಯನ್ನು ಹಿಸುಕಿದಾಗ ಬೆರಳಿನ ಗೆರೆ ಮೂಡಬೇಕು, ಕೈಗೆ ಹತ್ತಬಾರದು. ಕಲಿಸುವವರು ತೋರಿಸುವುದು ಇಷ್ಟನ್ನೇ.

ಹೊಸೆಯುವುದು ನೋಡಲು ಸರಳ. ಗಿಡ್ಡ ಮಣೆಯ ಮುಂದೆ ಕುಳಿತು, ಎಡಗಡೆಗೆ ಬಿದಿರಿನ ಕಡ್ಡಿ, ಬಲಗಡೆಗೆ ಮುದ್ದೆ, ಮುಂದೆ ಒಂದಿಷ್ಟು ಒಣಪುಡಿ. ಗೋಲಿಗಿಂತ ಚಿಕ್ಕದೊಂದು ಉಂಡೆಯನ್ನು ಕಡ್ಡಿಯ ತುದಿಗೆ ಒತ್ತಿ, ಅಂಗೈಯಲ್ಲಿ ಮುಂದಕ್ಕೆ ಉರುಳಿಸುತ್ತಾರೆ. ಉರುಳುತ್ತಲೇ ಮುದ್ದೆ ತೆಳುವಾಗುತ್ತ ಕಡ್ಡಿಯುದ್ದಕ್ಕೂ ಇಳಿದು, ಹಿಡಿಯಲು ಅಂಗುಲ ಒಂದೂವರೆ ಅಂಗುಲ ಬರಿಗಡ್ಡಿ ಉಳಿದಾಗ ನಿಲ್ಲಬೇಕು. ಅಂಗೈಯ ಒತ್ತಡ ತುದಿಯಿಂದ ಬುಡದವರೆಗೆ ಒಂದೇ ಸಮ ಇರಬೇಕು. ಎಲ್ಲಿ ಭಾರ ಬಿತ್ತೋ ಅಲ್ಲಿ ತೆಳು, ಎಲ್ಲಿ ಸಡಿಲಾಯಿತೋ ಅಲ್ಲಿ ದಪ್ಪ. ತೆಳುವಾದಲ್ಲಿ ಕೆಂಡ ಓಡುತ್ತದೆ, ದಪ್ಪವಿದ್ದಲ್ಲಿ ತಡವರಿಸುತ್ತದೆ. ಪಳಗಿದವರ ಕೈಯಲ್ಲಿ ಒಂದು ಕಡ್ಡಿಗೆ ಕೆಲವೇ ಕ್ಷಣ. ಮೈಸೂರು, ಬೆಂಗಳೂರಿನಿಂದ ನಡುನಾಡಿನ ಊರುಗಳವರೆಗೆ ಈ ಕೆಲಸ ಬಹುಪಾಲು ಹೆಣ್ಣುಮಕ್ಕಳದ್ದು. ಮನೆಗೆಲಸದ ನಡುವೆ ದಿನಕ್ಕೆ ಸಾವಿರಗಟ್ಟಲೆ ಕಡ್ಡಿ ಹೊಸೆಯುವವರಿದ್ದಾರೆ. ಕೂಲಿ ಸಾವಿರ ಕಡ್ಡಿಯ ಲೆಕ್ಕದಲ್ಲಿ. ಬೆನ್ನು ಬಾಗಿಸಿ ಕೂರುವ ನೋವು, ಉಸಿರಿಗೆ ಸೇರುವ ಧೂಳು ಆ ಲೆಕ್ಕಕ್ಕೆ ಬರುವುದಿಲ್ಲ.

ಹೊಸೆದ ಕಡ್ಡಿಗಳನ್ನು ನೆರಳಿನಲ್ಲಿ, ಒಂದಕ್ಕೊಂದು ತಾಗದಂತೆ ಹರಡುತ್ತಾರೆ. ನೇರ ಬಿಸಿಲಿಗಿಟ್ಟರೆ ಹೊರಮೈ ಬೇಗ ಬಿಗಿದು, ಒಳಗಿನ ತೇವ ಹೊರಬರುವಾಗ ಬಿರುಕು ಬೀಳುತ್ತದೆ, ಕಡ್ಡಿ ಬಾಗುತ್ತದೆ. ದಿನಕ್ಕೆರಡು ಬಾರಿ ಉರುಳಿಸಿ ಮಗ್ಗುಲು ಬದಲಿಸಬೇಕು. ಇಲ್ಲಿ ಬಯಲುಸೀಮೆಯ ಒಣಗಾಳಿ ನೆರವಾಗುತ್ತದೆ. ಮಲೆನಾಡಿನ ಆಷಾಢದಲ್ಲಿ ವಾರವಾದರೂ ಆರದ ಬತ್ತಿ ಇಲ್ಲಿ ಕೆಲವು ದಿನದಲ್ಲಿ ಒಣಗುತ್ತದೆ. ಒಣಗಿದ ಕೂಡಲೇ ಹಚ್ಚಿದರೆ ಪ್ರತಿಯೊಂದು ಮೂಲಿಕೆಯೂ ಬೇರೆಬೇರೆಯಾಗಿ ಮಾತಾಡುತ್ತದೆ. ಬಿಗಿಮುಚ್ಚಳದ ಡಬ್ಬಿಯಲ್ಲಿ ಕೆಲವು ವಾರ ಇಟ್ಟರೆ ಗಂಧಗಳು ಕೂಡಿಕೊಂಡು ಒಂದಾಗುತ್ತವೆ.

ಪರೀಕ್ಷೆ ಕೊನೆಯದು. ಗಾಳಿಯಿಲ್ಲದ ಕೋಣೆಯಲ್ಲಿ ಒಂದು ಕಡ್ಡಿ ಹಚ್ಚಿ ಕೂರುತ್ತಾರೆ. ಎಂಟು ಒಂಬತ್ತು ಅಂಗುಲದ ಕಡ್ಡಿ ಸುಮಾರು ಮುಕ್ಕಾಲು ಗಂಟೆ ಉರಿದರೆ ಹದ ಸರಿ. ಬೂದಿ ತಿಳಿಬಣ್ಣವಾಗಿದ್ದು ಕೆಲಹೊತ್ತು ಕಡ್ಡಿಗೇ ಅಂಟಿ ನಿಲ್ಲಬೇಕು. ಹೊಗೆ ತೆಳ್ಳಗೆ, ಮೇಲ್ಮುಖವಾಗಿ ಏಳಬೇಕು. ಕಪ್ಪಾಗಿ ಹೊರಳಿದರೆ ಅಂಟು ಹೆಚ್ಚಾಗಿದೆ. ಮೊದಲು ದವನ, ತುಳಸಿ, ಅವುಗಳ ಬೆನ್ನಿಗೆ ರಾಳ, ಕಡ್ಡಿ ಮುಗಿದ ಮೇಲೂ ಲಾವಂಚ ಮತ್ತು ಗಂಧದ ಮರ: ಈ ಕ್ರಮ ಕೆಡದಿದ್ದರೆ ಕೂಟ ಗೆದ್ದಂತೆ. ಪರೀಕ್ಷೆ ಮುಗಿದ ಮೇಲೆ ಕಿಟಕಿ ತೆರೆಯುವುದನ್ನು ಬಲ್ಲವರು ಮರೆಯುವುದಿಲ್ಲ. ಗಿಡಮೂಲಿಕೆಯದಾದರೂ ಹೊಗೆ ಹೊಗೆಯೇ. ಮುಚ್ಚಿದ ಕೋಣೆಯಲ್ಲಿ, ಮಕ್ಕಳ ಮತ್ತು ಉಬ್ಬಸದವರ ಬಳಿ ಅದು ಸಲ್ಲದು.

ಈಗ ಕಡ್ಡಿಯ ಹೆಚ್ಚಿನ ಪಾಲನ್ನು ಯಂತ್ರಗಳು ಹೊಸೆಯುತ್ತವೆ. 2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಅಗರಬತ್ತಿ ಆಮದಿಗೆ ನಿರ್ಬಂಧ ಹೇರಿ, 2020ರಲ್ಲಿ ಬಿದಿರುಕಡ್ಡಿಯ ಆಮದು ಸುಂಕವನ್ನು ಶೇ. 25ಕ್ಕೆ ಏರಿಸಿದ ಮೇಲೆ ದೇಶದೊಳಗಿನ ತಯಾರಿಕೆಗೆ ಬಲ ಬಂತು. ಆದರೆ ಯಂತ್ರಕ್ಕೆ ಒಗ್ಗುವುದು ಇದ್ದಿಲಿನ ಏಕರೂಪದ ಹಿಟ್ಟು. ನಾರು, ರಾಳ, ಜೇನು ಬೆರೆತು ದಿನಕ್ಕೊಂದು ಹದ ತೋರುವ ಮುದ್ದೆಗೆ ಇಂದಿಗೂ ಅಂಗೈಯೇ ಬೇಕು.

ಕೈಗಿಂತ ಹೆಚ್ಚಿನ ಆತಂಕ ಗಿಡಗಳದ್ದು. ಗುಳಿಮಾವಿನ ತೊಗಟೆಯನ್ನು ಸುತ್ತಲೂ ಸುಲಿದರೆ ಮರ ಸಾಯುತ್ತದೆ. ಘಟ್ಟದಲ್ಲಿ ಅನೇಕ ಕಡೆ ಹಾಗೆ ಸತ್ತಿವೆ. ರಾಳಧೂಪಕ್ಕಾಗಿ ಬುಡಕ್ಕೆ ಬೆಂಕಿಯಿಟ್ಟ ಮರಗಳು ಕೆಲವೇ ವರ್ಷದಲ್ಲಿ ಬಡವಾಗುತ್ತವೆ. ಒಂದು ಬದಿಯ ತೊಗಟೆಯನ್ನಷ್ಟೇ ಪಟ್ಟಿಯಾಗಿ ತೆಗೆದು ಮತ್ತೆ ಬೆಳೆಯಲು ಬಿಡುವುದು, ಕಚ್ಚನ್ನು ಚಿಕ್ಕದಾಗಿ ಹಾಕುವುದು, ತಾನಾಗಿ ಒಸರಿದ ಅಂಟನ್ನು ಆಯುವುದು: ಕಾಡನ್ನು ಉಳಿಸಿಕೊಂಡೇ ಕಸುಬು ನಡೆಸುವ ದಾರಿಗಳು ಇವೆ. ಅದಕ್ಕಿಂತ ದೊಡ್ಡ ದಾರಿ ಹೊಲದಲ್ಲಿದೆ. 2001ರಲ್ಲಿ ಕರ್ನಾಟಕದ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ರೈತ ತನ್ನ ನೆಲದಲ್ಲಿ ಬೆಳೆದ ಶ್ರೀಗಂಧಕ್ಕೆ ತಾನೇ ಒಡೆಯ. ನಾಲೆಯ ಏರಿಯ ಮಣ್ಣು ಕೊಚ್ಚಿಹೋಗದಂತೆ ಲಾವಂಚ ಹಿಡಿದಿಡುತ್ತದೆ, ಬೇರನ್ನೂ ಕೊಡುತ್ತದೆ. ದವನ ಹಿಂಗಾರಿನ ನಾಲ್ಕು ತಿಂಗಳ ಬೆಳೆ. ಕೊನ್ನಾರಿಯನ್ನಂತೂ ಬಿತ್ತಬೇಕಿಲ್ಲ. ದಾವಣಗೆರೆ, ಹರಿಹರದ ಸುತ್ತಣ ಹೊಲದ ಬದುಗಳಲ್ಲಿ ಇವಿಷ್ಟು ಬೆಳೆದರೂ ಒಂದು ಒಳ್ಳೆಯ ಕೂಟದ ಬಹುಪಾಲು ದ್ರವ್ಯ ಊರಿನಲ್ಲೇ ಸಿಗುತ್ತದೆ. ಕೊಳ್ಳುವವರು ಅಗ್ಗದ ಕಟ್ಟಿನ ಬದಲು ಇಂಥ ಹತ್ತು ಕಡ್ಡಿಗೆ ತಕ್ಕ ಬೆಲೆ ಕೊಟ್ಟರೆ, ಆ ಬೆಲೆಯಲ್ಲಿ ಹೊಸೆದವಳ ಕೂಲಿಗೂ ಬೆಳೆದವನ ಬದುವಿಗೂ ಪಾಲು ಸಲ್ಲುತ್ತದೆ.